ಬೆಕ್ಕಿನ ವಾಸನೆ ಹಿಡಿದ ಟೆಂಟು, ಚಾಪೆ, ಹಾಸಿಗೆ: ಎಸೆಯುವ ಮುನ್ನ ಓದಿ

ರಜೆ ಬಂತೆಂದರೆ ಮಕ್ಕಳ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಕಡಲ ತೀರವೋ, ಘಟ್ಟದ ಮೇಲಿನ ತೋಟವೋ, ಎಲ್ಲಿಗಾದರೂ ಹೊರಡಬೇಕು. ಕೊಲ್ಲಿ ದೇಶಗಳಲ್ಲಿರುವ ನಮ್ಮ ಕುಟುಂಬಗಳಿಗಂತೂ ಚಳಿಗಾಲದ ವಾರಾಂತ್ಯದಲ್ಲಿ ಮರಳುಗಾಡಿಗೆ ಹೋಗಿ ಟೆಂಟು ಹಾಕುವುದು ರೂಢಿಯಾಗಿಬಿಟ್ಟಿದೆ. ಊರಿಗೆ ಮರಳುವಾಗ ಆ ಟೆಂಟು, ಮಲಗುವ ಚೀಲ, ಗಾಳಿ ತುಂಬುವ ಹಾಸಿಗೆಗಳೂ ಪೆಟ್ಟಿಗೆ ಸೇರಿ ಬರುತ್ತವೆ. ಅವು ಇಲ್ಲದ ಮನೆಯಲ್ಲೂ ಪ್ರಯಾಣಕ್ಕೆಂದೇ ಎತ್ತಿಟ್ಟ ಜಮಖಾನ, ಪ್ಲಾಸ್ಟಿಕ್ ಚಾಪೆ, ಟಾರ್ಪಾಲು ಇದ್ದೇ ಇರುತ್ತದೆ.

ವರ್ಷವಿಡೀ ಅಟ್ಟದಲ್ಲಿದ್ದ ಈ ಮೂಟೆಯನ್ನು ಬಿಚ್ಚಿದೊಡನೆ ಕೆಲವೊಮ್ಮೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಮನೆಯ ಬೆಕ್ಕು ಅದನ್ನು ತನ್ನ ಜಾಗವೆಂದು ಗುರುತು ಹಾಕಿಬಿಟ್ಟಿರುತ್ತದೆ. ಆಗ ಮನೆಯಲ್ಲಿ ಎರಡು ತೀರ್ಪು ಕೇಳಿಬರುತ್ತದೆ. ಒಂದು, "ಇದನ್ನು ಎಸೆದುಬಿಡಿ." ಇನ್ನೊಂದು, "ಆ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ." ಸ್ವಲ್ಪ ತಿಳುವಳಿಕೆ ಮತ್ತು ತಾಳ್ಮೆ ಇದ್ದರೆ ಎರಡೂ ಬೇಕಾಗುವುದಿಲ್ಲ.

ವಾಸನೆ ಯಾಕೆ ಹೋಗುವುದಿಲ್ಲ?

ಬೆಕ್ಕು ಕಡಿಮೆ ನೀರು ಕುಡಿಯುವ ಪ್ರಾಣಿ. ಅದರ ಮೂತ್ರ ಬಹಳ ಗಟ್ಟಿ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಬದಲಾಯಿಸುತ್ತವೆ. ಕಣ್ಣು ಉರಿಸುವ ಖಾರ ವಾಸನೆ ಇದರದು. ಇಷ್ಟೇ ಆಗಿದ್ದರೆ ನಾಲ್ಕು ಬಕೆಟ್ ನೀರಿನಲ್ಲಿ ಎಲ್ಲವೂ ಮುಗಿಯುತ್ತಿತ್ತು.

ಆದರೆ ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವೂ ಇದೆ. ಅದಕ್ಕೆ ತನ್ನದೇ ಆದ ವಾಸನೆ ಇಲ್ಲ. ದಿನ ಕಳೆದಂತೆ ಅದು ಒಡೆದು ಥಯಾಲ್ ಎಂಬ ಜಾತಿಯ ರಾಸಾಯನಿಕವಾಗುತ್ತದೆ. ನಿಮ್ಮ ಅಡುಗೆ ಅನಿಲ ಸೋರಿದಾಗ ಬರುವ ವಾಸನೆಯೂ ಇದೇ ಜಾತಿಯದು. ಒಂದಿಷ್ಟೇ ಸೋರಿದರೂ ಮನೆಮಂದಿಗೆ ತಿಳಿಯಲಿ ಎಂದು ಅದನ್ನು ಬೇಕೆಂದೇ ಅನಿಲಕ್ಕೆ ಬೆರೆಸಿರುತ್ತಾರೆ. ಹೀಗೆ ಎಳ್ಳಷ್ಟು ಉಳಿದರೂ ಮೂಗಿಗೆ ಬಡಿಯುವ ವಸ್ತು ಬಟ್ಟೆಯ ಎಳೆಯಲ್ಲಿ ಕುಳಿತಿರುವಾಗ ಬರೀ ಸಾಬೂನು ಸೋಲುವುದು ಸಹಜ. ಫೆಲಿನೈನ್ ತಯಾರಾಗಲು ಬೆಕ್ಕಿನ ಮೂತ್ರದಲ್ಲಿರುವ ಒಂದು ವಿಶೇಷ ಪ್ರೋಟೀನ್ ಕಾರಣವೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಇದರ ಪ್ರಮಾಣ ಹೆಚ್ಚು. ಗಂಡು ಬೆಕ್ಕಿನ ಗುರುತು ಅಷ್ಟೊಂದು ನಾರುವುದು ಇದಕ್ಕೇ.

ಒಣಗಿದ ಮೇಲೆ ಹೋಯಿತೆಂದುಕೊಂಡ ವಾಸನೆ ಮಳೆಗಾಲದಲ್ಲಿ ಮತ್ತೆ ಏಳುತ್ತದೆ. ಎಳೆಯಲ್ಲಿ ಉಳಿದ ಲವಣಗಳು ಗಾಳಿಯ ತೇವವನ್ನು ಹೀರಿ, ಒಳಗಿದ್ದುದನ್ನು ಹೊರಗೆ ಬಿಡುತ್ತವೆ. ಕರಾವಳಿಯ ಮನೆಗಳಲ್ಲಿ ಈ ಅನುಭವ ಹೆಚ್ಚು.

ಮೊದಲು ಪರೀಕ್ಷಿಸಿ

ಎಲ್ಲ ದುರ್ವಾಸನೆಗೂ ಬೆಕ್ಕನ್ನೇ ದೂರಬೇಡಿ. ನೈಲಾನ್ ಅಥವಾ ಪಾಲಿಯೆಸ್ಟರ್ ಟೆಂಟಿನ ಒಳಮೈಗೆ ನೀರು ತಡೆಯಲು ಪಾಲಿಯುರೇಥೇನ್ ಲೇಪ ಕೊಟ್ಟಿರುತ್ತಾರೆ. ಹಳೆಯ ಟೆಂಟನ್ನು ಸೆಕೆ ಮತ್ತು ತೇವದಲ್ಲಿ ಮಡಚಿಟ್ಟರೆ ಈ ಲೇಪವೇ ಕೊಳೆಯುತ್ತದೆ. ಆಗ ಬರುವ ಹುಳಿ ವಾಸನೆಯನ್ನು ಹಲವರು ಬೆಕ್ಕಿನ ಮೂತ್ರವೆಂದೇ ತಿಳಿಯುತ್ತಾರೆ. ಗುರುತಿಸುವುದು ಸುಲಭ. ಬೆಕ್ಕಿನ ವಾಸನೆ ಒಂದೆರಡು ಕಡೆ ಮಾತ್ರ ಜೋರಾಗಿರುತ್ತದೆ. ಲೇಪ ಕೆಟ್ಟಿದ್ದರೆ ಬಟ್ಟೆಯಿಡೀ ಒಂದೇ ಸಮನೆ ವಾಸನೆ, ಮುಟ್ಟಿದರೆ ಅಂಟು, ಉಜ್ಜಿದರೆ ಹೊಟ್ಟಿನಂತೆ ಉದುರುತ್ತದೆ. ಅದು ಯಾವ ತೊಳೆತಕ್ಕೂ ಸರಿಯಾಗದು. ಅದಕ್ಕಾಗಿ ಹಣ ವ್ಯಯಿಸಬೇಡಿ.

ಮೂಟೆಯಲ್ಲಿ ಸಣ್ಣ ಕಪ್ಪು ಹಿಕ್ಕೆ, ಕಡಿದ ಗುರುತು ಇದ್ದರೆ ಅದು ಇಲಿಯ ಕೆಲಸ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕೈಗವಸು ಹಾಕಿ, ಒಣ ಹಿಕ್ಕೆಯನ್ನು ಗುಡಿಸದೆ ಮೊದಲು ಒದ್ದೆ ಮಾಡಿ ತೆಗೆಯಿರಿ. ಕೈಯಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಹೋಗದಿರುವುದೇ ಲೇಸು.

ಕಲೆ ಎಲ್ಲಿದೆಯೆಂದು ಕಾಣದಿದ್ದರೆ ನೋಟು ಪರೀಕ್ಷಿಸುವ ನೇರಳಾತೀತ ಬೆಳಕಿನ ಸಣ್ಣ ಟಾರ್ಚನ್ನು ರಾತ್ರಿ ದೀಪ ಆರಿಸಿ ಹಾಯಿಸಿ. ಒಣಗಿದ ಮೂತ್ರ ಮಂಕಾಗಿ ಹೊಳೆಯುತ್ತದೆ. ಸಾಬೂನು ಪುಡಿಯ ಅಂಶವೂ ಹೊಳೆಯುವುದರಿಂದ ಮೂಗಿನಿಂದಲೂ ಖಚಿತಪಡಿಸಿಕೊಳ್ಳಿ. ಹೊಲಿಗೆಯ ಅಂಚು, ಟೆಂಟಿನ ಚೀಲ, ಹಗ್ಗಗಳನ್ನು ಮರೆಯದೆ ನೋಡಿ.

ತೊಳೆಯುವ ಕ್ರಮ

ಮೊದಲ ಹೆಜ್ಜೆ ತಣ್ಣೀರು. ಬಿಸಿನೀರು ಬೇಡ. ಹಸಿ ಕಲೆಯಾದರೆ ಉಜ್ಜದೆ, ಹಳೆಯ ಬತ್ತದ ಬಟ್ಟೆಯನ್ನು ಒತ್ತಿ ಹೀರಿಸಿ. ನಂತರ ಸಾಕಷ್ಟು ನೀರು ಹರಿಸಿ.

ಎರಡನೆಯದು ವಿನೆಗರ್. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಮೂರು ಪಾಲು ನೀರು ಸೇರಿಸಿ ಕಲೆಯನ್ನು ನೆನೆಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಇದು ಅಮೋನಿಯಾವನ್ನು ತಣಿಸುತ್ತದೆ. ಹೊಸ ಕಲೆಗೆ ಇಷ್ಟೇ ಸಾಕಾಗಬಹುದು. ವಿನೆಗರ್ ಮತ್ತು ಅಡುಗೆ ಸೋಡಾವನ್ನು ಒಟ್ಟಿಗೆ ಬೆರೆಸುವ ರೂಢಿ ಹಲವರಿಗಿದೆ. ನೊರೆ ನೋಡಲು ಚೆಂದ, ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡೂ ಪರಸ್ಪರ ಶಕ್ತಿ ಕಳೆದುಕೊಳ್ಳುತ್ತವೆ.

ಮೂರನೆಯದು ಹಳೆಯ ಕಲೆಗೆ ಕಿಣ್ವದ ದ್ರಾವಣ. ಸಾಕುಪ್ರಾಣಿ ಸಾಮಗ್ರಿಗಳ ಅಂಗಡಿಯಲ್ಲಿ 'ಎನ್‌ಝೈಮ್ ಕ್ಲೀನರ್' ಎಂದು ಕೇಳಿದರೆ ಸಿಗುತ್ತದೆ. ಇದರಲ್ಲಿರುವ ಕಿಣ್ವಗಳು ಕೊಳೆಯನ್ನು ಒಡೆಯುತ್ತವೆ. ಮೇಲೆ ಸಿಂಪಡಿಸಿ ಒರೆಸಿದರೆ ಪ್ರಯೋಜನವಿಲ್ಲ. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟೂ ನೆನೆಯಬೇಕು, ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಒಣಗದಂತೆ ಒದ್ದೆ ಬಟ್ಟೆ ಮುಚ್ಚಬೇಕು. ಇದಕ್ಕೆ ಮುಂಚೆ ವಿನೆಗರ್, ಸಾಬೂನು ಬಳಸಿದ್ದರೆ ಅದು ಪೂರ್ತಿ ಹೋಗುವಂತೆ ತೊಳೆದಿರಬೇಕು.

ಒಂದು ಎಚ್ಚರಿಕೆ: ಇಂತಹ ದ್ರಾವಣದಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವವಿದ್ದರೆ ಉಣ್ಣೆ, ರೇಷ್ಮೆ, ಹಕ್ಕಿಗರಿ ತುಂಬಿದ ಮಲಗುವ ಚೀಲಗಳಿಗೆ ಹಾಕಲೇಬಾರದು. ಅವೂ ಪ್ರೋಟೀನುಗಳೇ. ಕಂಬಳಿಗೆ ತಣ್ಣೀರು, ತೆಳು ವಿನೆಗರ್ ಮತ್ತು ಉಣ್ಣೆಗೆಂದೇ ಇರುವ ಸಾಬೂನು ಸಾಕು.

ಇದಕ್ಕೂ ಜಗ್ಗದ ವಾಸನೆಗೆ ಇನ್ನೊಂದು ಉಪಾಯವಿದೆ. ಅಮೆರಿಕದಲ್ಲಿ ಸ್ಕಂಕ್ ಎಂಬ ಪ್ರಾಣಿ ನಾಯಿಗಳ ಮೇಲೆ ಚಿಮ್ಮಿಸುವ ಘೋರ ವಾಸನೆಯೂ ಥಯಾಲುಗಳದ್ದೇ. ಅದಕ್ಕೆ ಪಾಲ್ ಕ್ರೆಬಾಮ್ ಎಂಬ ರಸಾಯನಶಾಸ್ತ್ರಜ್ಞ ಸೂಚಿಸಿದ ಮಿಶ್ರಣ 1993ರಲ್ಲಿ ಪ್ರಕಟವಾಗಿ ಮನೆಮಾತಾಯಿತು. ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ದ್ರವ ಒಂದು ಚಮಚ. ಔಷಧಿ ಅಂಗಡಿಯ ಬಾಟಲಿಯ ಮೇಲೆ ಶೇ. 6 ಎಂದಿದ್ದರೆ ಅಷ್ಟೇ ನೀರು ಬೆರೆಸಿ. ಹಚ್ಚಿ ಐದು ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಟಾರ್ಪಾಲು, ಪ್ಲಾಸ್ಟಿಕ್ ಚಾಪೆ, ಬಿಳಿ ಹತ್ತಿ ಬಟ್ಟೆಗೆ ಇದು ಒಳ್ಳೆಯದು. ಬಣ್ಣ ಮಾಸಬಹುದಾದ್ದರಿಂದ ಮೂಲೆಯೊಂದರಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ. ಉಳಿದ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಒಳಗೆ ಅನಿಲ ತುಂಬಿ ಬಾಟಲಿ ಒಡೆದೀತು.

ಯಾವ ವಸ್ತುವಿಗೆ ಯಾವ ರೀತಿ?

ಟೆಂಟನ್ನು ವಾಷಿಂಗ್ ಮೆಷಿನಿಗೆ ಹಾಕಬೇಡಿ. ಹೊಲಿಗೆ ಮತ್ತು ಲೇಪ ಎರಡೂ ಹಾಳಾಗುತ್ತವೆ. ಅಂಗಳದ ನೆರಳಿನಲ್ಲಿ ಕಟ್ಟಿ ನಿಲ್ಲಿಸಿ, ಮೆದುವಾದ ಸ್ಪಂಜಿನಿಂದ ತೊಳೆಯಿರಿ. ಒಣಗಿಸುವುದೂ ನೆರಳಿನಲ್ಲೇ, ಗಾಳಿಗೆ. ದಿನಗಟ್ಟಲೆ ಸುಡುಬಿಸಿಲು ನೈಲಾನಿನ ಬಲವನ್ನು ಕುಂದಿಸುತ್ತದೆ. ಇಸ್ತ್ರಿಯಂತೂ ಬೇಡವೇ ಬೇಡ.

ಮಲಗುವ ಚೀಲವನ್ನು ದೊಡ್ಡ ಟಬ್ಬಿನಲ್ಲಿ ನೆನೆಸಿ ಒತ್ತಿ ಒತ್ತಿ ತೊಳೆಯಿರಿ, ಹಿಂಡಬೇಡಿ. ಒದ್ದೆಯಾದಾಗ ಒಂದೇ ತುದಿ ಹಿಡಿದು ಎತ್ತಿದರೆ ಒಳಗಿನ ಹೊಲಿಗೆ ಹರಿಯುತ್ತದೆ. ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ. ಪೂರ್ತಿ ಒಣಗಲು ಎರಡು ಮೂರು ದಿನ ಬೇಕಾದೀತು. ನಡುನಡುವೆ ಒಳಗಿನ ಉಂಡೆಗಳನ್ನು ಬೆರಳಿನಿಂದ ಬಿಡಿಸುತ್ತಿರಿ.

ಗಾಳಿ ಹಾಸಿಗೆಯ ಮುಚ್ಚಳ ಬಿಗಿದು, ಗಾಳಿ ತುಂಬಿಸಿಯೇ ಒರೆಸಿ. ಹತ್ತಿಯ ಹಾಸಿಗೆಗೆ ಆಳವಾಗಿ ಇಳಿದಿದ್ದರೆ ಮೇಲಿನಿಂದ ಎಷ್ಟು ಒರೆಸಿದರೂ ಸಾಲದು. ಹೊದಿಕೆ ಬಿಚ್ಚಿ ತೊಳೆದು, ಕೆಟ್ಟ ಹತ್ತಿಯನ್ನು ತೆಗೆಸಿ, ಉಳಿದುದನ್ನು ಹಿಂಜಿಸಿ ತುಂಬಿಸುವುದೇ ಸರಿ.

ಪರಿಮಳ ಶುದ್ಧಿಯಲ್ಲ

ಲೋಬಾನದ ಹೊಗೆ ಹಾಕುವುದು, ಅತ್ತರು ಚಿಮುಕಿಸುವುದು ನಮ್ಮ ಮನೆಗಳ ವಾಡಿಕೆ. ಪರಿಮಳ ಒಳ್ಳೆಯದೇ. ಆದರೆ ಅದು ಕೊಳೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಪ್ರಯಾಣದಲ್ಲಿ ಇದೇ ಜಮಖಾನದ ಮೇಲೆ ನಮಾಝ್ ನಿರ್ವಹಿಸುವುದಿದೆ ಎಂಬುದು ನೆನಪಿರಲಿ. ಬೆಕ್ಕು ಬಾಯಿಟ್ಟ ನೀರು ಅಶುದ್ಧವಲ್ಲ ಎಂಬ ರಿಯಾಯಿತಿ ಅದರ ಮೂತ್ರಕ್ಕಿಲ್ಲ. ಆದ್ದರಿಂದ ಕಿಣ್ವ ಸಿಂಪಡಿಸಿ ವಾಸನೆ ಹೋಯಿತೆಂದು ಅಷ್ಟಕ್ಕೇ ಬಿಡದೆ, ಕೊನೆಯಲ್ಲಿ ಶುದ್ಧ ನೀರು ಹರಿಸಿ ತೊಳೆಯಿರಿ. ಎಷ್ಟು ಪ್ರಯತ್ನಿಸಿದರೂ ಹೋಗದೆ ಉಳಿದ ನಸು ವಾಸನೆಯ ಬಗ್ಗೆ ಮನಸ್ಸಿನಲ್ಲಿ ಸಂಶಯವಿದ್ದರೆ ಬಲ್ಲ ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ.

ಇವುಗಳನ್ನು ಮಾಡಲೇಬೇಡಿ

ಮೂತ್ರದ ಕಲೆಗೆ ಬ್ಲೀಚ್ ಸುರಿಯಬೇಡಿ. ಬ್ಲೀಚ್ ಮತ್ತು ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಸ್ನಾನದ ಕೋಣೆಯಲ್ಲಿ ಇದು ಉಸಿರಿಗೇ ಸಂಚಕಾರ, ಉಬ್ಬಸವಿರುವವರಿಗಂತೂ ಹೇಳುವುದೇ ಬೇಡ.

ಫಿನಾಯಿಲ್ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ಅದಕ್ಕೆ ವಿಷವಾದೀತು.

ನುಸಿಗುಳಿಗೆ ಹಾಕಿಟ್ಟ ಹಾಸಿಗೆಯಲ್ಲಿ ಹಸುಗೂಸನ್ನು ಮಲಗಿಸಬೇಡಿ. ನಾಫ್ತಲೀನ್ ಆವಿ ಬೆಕ್ಕಿಗೂ ಕೆಟ್ಟದ್ದು, ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಗುವಿನ ರಕ್ತಕಣಗಳನ್ನಂತೂ ಒಡೆದುಹಾಕುತ್ತದೆ. ಮಗುವಿಗೆ ಆ ಕೊರತೆ ಇದೆಯೆಂದು ಮೊದಲೇ ಗೊತ್ತಿರುವುದು ಅಪರೂಪ.

ಗರ್ಭಿಣಿಯರ ಆತಂಕಕ್ಕೂ ಒಂದು ಮಾತು. ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಹರಡುತ್ತದೆ, ಮೂತ್ರದಿಂದಲ್ಲ. ಹೊರಬಿದ್ದ ಮಲ ಒಂದರಿಂದ ಐದು ದಿನಗಳ ನಂತರ ಸೋಂಕು ತಗಲಿಸುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ಬೆಕ್ಕಿನ ಮಲವಿರುವ ವಸ್ತುಗಳನ್ನು ಮನೆಯ ಬೇರೆಯವರು ಬೇಗನೆ ಶುಚಿಗೊಳಿಸಲಿ. ಇದಕ್ಕಾಗಿ ಬೆಕ್ಕನ್ನು ಮನೆಯಿಂದ ಹೊರಗಟ್ಟುವ ಅಗತ್ಯವಿಲ್ಲ.

ಬೆಕ್ಕಿನ ಕಡೆಗೂ ನೋಡಿ

ಇಷ್ಟು ದಿನ ಶಿಸ್ತಾಗಿದ್ದ ಬೆಕ್ಕು ಒಮ್ಮೆಲೇ ಹಾಸಿಗೆ, ಚಾಪೆ ಎನ್ನದೆ ಹೊಲಸು ಮಾಡತೊಡಗಿದರೆ ಅದು ಹಟವಲ್ಲ, ಕಾಯಿಲೆ ಇರಬಹುದು. ಗಂಡು ಬೆಕ್ಕು ಪದೇ ಪದೇ ಕುಳಿತು ತಿಣುಕಿಯೂ ಮೂತ್ರ ಬಾರದಿದ್ದರೆ ಅದರ ಮೂತ್ರನಾಳ ಕಟ್ಟಿದೆ ಎಂದರ್ಥ. ಒಂದೆರಡು ದಿನದಲ್ಲೇ ಅದರ ಪ್ರಾಣ ಹೋಗಬಹುದು. ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ. ಮಾತು ಬಾರದ ಜೀವ ತನ್ನ ನೋವನ್ನು ಹೇಳಲು ಅದಕ್ಕಿರುವ ದಾರಿ ಇಷ್ಟೇ.

ಇನ್ನು ಮುಂಜಾಗ್ರತೆ. ಒದ್ದೆ ಟೆಂಟನ್ನು ಎಂದೂ ಮಡಚಿಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಸಡಿಲವಾಗಿ ತುಂಬಿ, ಮುಚ್ಚಳವಿರುವ ತಗಡಿನ ಪೆಟ್ಟಿಗೆಯಲ್ಲೋ ಕಪಾಟಿನಲ್ಲೋ ಇಡಿ. ಮೆತ್ತಗಿನ ಮೂಟೆ ಕಂಡರೆ ಬೆಕ್ಕು ಹತ್ತುವುದು ಸಹಜ. ಬದಲಿಗೆ ಒಂದು ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಹಾಸಿ, ಮರಳು ತುಂಬಿದ ತಟ್ಟೆಯೊಂದನ್ನು ಅದರಿಂದ ಸ್ವಲ್ಪ ದೂರದಲ್ಲಿಟ್ಟರೆ ಅದು ತನ್ನ ಜಾಗ ಕಲಿಯುತ್ತದೆ. ಮಳೆ ಹಿಡಿಯುವ ಮೊದಲೇ ಒಂದು ದಿನ ಅಟ್ಟದಲ್ಲಿರುವುದನ್ನೆಲ್ಲ ಇಳಿಸಿ, ಗಾಳಿಗೆ ಹರಡಿ ನೋಡಿ. ಆಗ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ, ಹೊರಡುವ ದಿನ ಬೆಳಿಗ್ಗೆ ಕಂಡರೆ ಇಡೀ ಪ್ರಯಾಣವನ್ನೇ ಕೆಡಿಸೀತು.