ಬಾಣಂತಿಯ ಪಥ್ಯ, ಸಿಸ್ಟರಮ್ಮನ ಸಿಟ್ಟು

ಹೆರಿಗೆ ವಾರ್ಡಿನಲ್ಲಿ ದಿನಾ ನಡೆಯುವ ಜಗಳ ಇದು. ಬಾಣಂತಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು, ಸೆಕೆಯಲ್ಲೂ ಕಂಬಳಿ ಹೊದ್ದು ಮಲಗಿರುತ್ತಾಳೆ. ನೀರು ಮುಟ್ಟೋಲ್ಲ. ಪಕ್ಕದಲ್ಲಿ ಅಜ್ಜಿಯ ಕಾವಲು. ಸಿಸ್ಟರಮ್ಮ ಬಂದವರೇ "ಏನ್ರೀ ಇದು, ಯಾವ ಕಾಲದಲ್ಲಿದ್ದೀರಿ? ತೆಗೀರಿ ಎಲ್ಲಾ" ಅಂತ ರೇಗುತ್ತಾರೆ. ಅಜ್ಜಿ "ಆಯ್ತವ್ವ" ಅನ್ನುತ್ತಾಳೆ. ಸಿಸ್ಟರಮ್ಮ ಬಾಗಿಲು ದಾಟುವುದೇ ತಡ, ಹತ್ತಿ ಮತ್ತೆ ಕಿವಿ ಸೇರುತ್ತದೆ. ಗೆದ್ದವರು ಯಾರು ಸ್ವಾಮಿ?

ಇಂಥ ಜಗಳಕ್ಕೆ ನರ್ಸಿಂಗ್ ಕಾಲೇಜಿನಲ್ಲಿ ಪಾಠವೇ ಇದೆ ಅಂದರೆ ನಂಬುತ್ತೀರಾ? ಇದೆ. ಮೆಡೆಲಿನ್ ಲೈನಿಂಗರ್ ಅನ್ನುವ ಅಮೆರಿಕದ ನರ್ಸ್ 1950ರ ದಶಕದಲ್ಲಿ ಸಿನ್ಸಿನಾಟಿ ಎಂಬ ಊರಿನಲ್ಲಿ ಮನಸ್ಸಿನ ತೊಂದರೆಯಿದ್ದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಆರೈಕೆ ಒಂದೇ ಆದರೂ ಬೇರೆ ಬೇರೆ ಜನರ ಮಕ್ಕಳು ಬೇರೆ ಬೇರೆ ಥರ ನಡೆದುಕೊಳ್ಳುವುದು ಅವರ ಕಣ್ಣಿಗೆ ಬಿತ್ತು. ಕಲಿತದ್ದು ಸಾಲದು ಅಂತ ಮಾನವಶಾಸ್ತ್ರ ಓದಿದರು. ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗಾಡ್ಸಪ್ ಜನರ ನಡುವೆ ಹೋಗಿ ಇದ್ದು ಬಂದರು. ಅವರ ಸಿದ್ಧಾಂತ ಪರೀಕ್ಷೆಗೆ ಉರು ಹೊಡೆಯುವಾಗ ಬೆಟ್ಟದಷ್ಟು. ತಿರುಳು ಮೂರೇ ಮಾತು: ರೋಗಿಯ ರೂಢಿಯಲ್ಲಿ ತೊಂದರೆ ಇಲ್ಲದ್ದನ್ನು ಉಳಿಸು, ಕೆಲವಕ್ಕೆ ಹೊಂದಿಸಿಕೋ, ಅಪಾಯದ್ದನ್ನು ಅವರ ಜೊತೆ ಕೂತು ಬದಲಿಸು.

ಈಗ ವಾರ್ಡಿಗೆ ಬನ್ನಿ. ಕಿವಿಯ ಹತ್ತಿಯಿಂದ ಯಾರ ಗಂಟೂ ಹೋಗೋಲ್ಲ, ಇರಲಿ ಬಿಡಿ. ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿಯನ್ನಂತೂ ಸರಕಾರವೇ ಒಪ್ಪಿ, ಮಡಿಲು ಕಿಟ್ಟಿನಲ್ಲಿ ಆ ಬಟ್ಟೆ ಇಟ್ಟು ಹಂಚಿತ್ತು. ನೀರಿನ ವಿಷಯ ಹೊಂದಾಣಿಕೆಯದು. ತಣ್ಣೀರು ಬೇಡವೆನ್ನುವ ಅಜ್ಜಿ ಜೀರಿಗೆ ಹಾಕಿ ಕಾಯಿಸಿದ ನೀರಿಗೆ ಬೇಡ ಅನ್ನೋಲ್ಲ. ಆದರೆ ಮೊದಲ ಗಿಣ್ಣು ಹಾಲು ಹಿಂಡಿ ಚೆಲ್ಲಿ ಕೂಸಿಗೆ ಜೇನು ನೆಕ್ಕಿಸುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವುದು, ಇವು ಬದಲಾಗಲೇಬೇಕು. ಹತ್ತಿಗೂ ಕೆಂಡಕ್ಕೂ ಒಂದೇ ದನಿಯಲ್ಲಿ ಬೈದರೆ ಅಜ್ಜಿ ಎರಡನ್ನೂ ಕಿವಿಗೆ ಹಾಕಿಕೊಳ್ಳೋಲ್ಲ.

ಎಲ್ಲಕ್ಕಿಂತ ಕಣ್ಣಿಗೆ ಬೀಳದ್ದು ಪಥ್ಯ. ಪಾಲಿಶ್ ಅಕ್ಕಿಯ ಅನ್ನ, ಒಂದಿಷ್ಟು ಮೆಣಸಿನ ಸಾರು. ಕಾಳು ವಾಯು, ಸೊಪ್ಪು ಶೀತ, ಹಣ್ಣು ನಂಜು. ಅನ್ನ ಬಸಿದು ಗಂಜಿ ಚೆಲ್ಲಿದರೆ ಇದ್ದ ಚೂರುಪಾರು ಬಿ1 ಜೀವಸತ್ವವೂ ಬಚ್ಚಲ ಪಾಲು. ತಾಯಿಗೆ ಅದು ಕಮ್ಮಿಯಾದರೆ ಹಾಲಿನಲ್ಲೂ ಕಮ್ಮಿ. ಎರಡು ಮೂರು ತಿಂಗಳ, ನೋಡೋಕೆ ದುಂಡಗಿರುವ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ದನಿ ಒಡೆಯುತ್ತದೆ, ಏದುಸಿರು ಬಿಡುತ್ತದೆ. ಹೃದಯವೇ ಸೋಲಬಹುದು. ನಮ್ಮ ರಾಜ್ಯದ ವೈದ್ಯರೂ ಇಂಥ ಕೂಸುಗಳ ಬಗ್ಗೆ ಬರೆದಿದ್ದಾರೆ. ಹೊತ್ತಿಗೆ ಸರಿಯಾಗಿ ಬಿ1 ಚುಚ್ಚುಮದ್ದು ಬಿದ್ದರೆ ಬೇಗ ಚೇತರಿಸಿಕೊಳ್ಳುತ್ತವೆ. ತಡವಾದರೆ ಇಲ್ಲ. ಇದನ್ನು ಹಿಡಿಯೋಕೆ ಯಂತ್ರಕ್ಕಿಂತ ಮೊದಲು ಬೇಕಾದದ್ದು "ಮನೇಲಿ ಏನು ಉಣ್ತೀಯವ್ವ?" ಅನ್ನುವ ಪ್ರಶ್ನೆ.

ಬೈದವರ ಹತ್ತಿರ ಯಾರೂ ನಿಜ ಹೇಳೋಲ್ಲ. "ಎಲ್ಲಾ ಉಣ್ತೀನಿ ಸಿಸ್ಟರ್" ಅಂದುಬಿಡುತ್ತಾರೆ. ನರ್ಸೂ ರೋಗಿಯೂ ಮೊದಲು ಅಪರಿಚಿತರು, ಆ ಗುರುತು ಬೆಳೆಯುವುದೇ ಆರೈಕೆಯ ಕೆಲಸ ಅಂತ ಹಿಲ್ಡೆಗಾರ್ಡ್ ಪೆಪ್ಲೊ ಎಂಬ ಇನ್ನೊಬ್ಬ ಅಮೆರಿಕದ ನರ್ಸ್ 1952ರಲ್ಲೇ ಪುಸ್ತಕ ಬರೆದಿದ್ದರು. ಹಾಗಂತ ತಾಂಡಾದವರು ಹೀಗೆ, ಮುಸ್ಲಿಮರು ಹಾಗೆ ಅಂತ ಪಟ್ಟಿ ಮಾಡಿಕೊಂಡರೂ ಕೆಲಸ ಕೆಟ್ಟಿತು. ಒಂದೇ ಬೀದಿಯ ಎರಡು ಮನೆಯ ಪಥ್ಯ ಬೇರೆ ಬೇರೆ ಇರುತ್ತೆ. ಕೇಳಲೇಬೇಕು.

ಸಿಸ್ಟರುಗಳ ಪರವಾಗಿಯೂ ಒಂದು ಮಾತು. ರಾತ್ರಿ ಪಾಳಿಯಲ್ಲಿ ತುಂಬಿದ ವಾರ್ಡಿಗೆ ಒಬ್ಬರೇ, ಗುತ್ತಿಗೆ ನೌಕರಿ, ಮೇಲೆ ರಿಜಿಸ್ಟರುಗಳ ರಾಶಿ. ಇಂಥವರಿಗೆ ನಗುನಗುತ್ತಾ ಮಾತಾಡಿ ಅನ್ನುವುದು ಸುಲಭ. ಹೆರಿಗೆ ಕೋಣೆಯಲ್ಲಿ ಗೌರವದಿಂದ ನಡೆದುಕೊಳ್ಳಿ ಅಂತ ಕೇಂದ್ರ ಸರಕಾರ 2017ರಲ್ಲಿ 'ಲಕ್ಷ್ಯ' ಕಾರ್ಯಕ್ರಮ ತಂದಿತು. ಗೋಡೆಗೆ ಬೋರ್ಡು ಬಂತು. ಬೋರ್ಡು ಪಾಳಿ ಮಾಡೋಲ್ಲವಲ್ಲ.

ಜಿಲ್ಲೆಯ ಆರೋಗ್ಯಾಧಿಕಾರಿಗಳು ಖರ್ಚಿಲ್ಲದ ಒಂದು ಕೆಲಸವನ್ನಾದರೂ ಮಾಡಿಸಬಹುದು. ಮನೆಗೆ ಕಳಿಸುವ ದಿನ ಊಟದ ಬುದ್ಧಿಮಾತೆಲ್ಲ ಬಾಣಂತಿಗೇ ಹೇಳಿ ಮುಗಿಸುತ್ತಾರೆ. ಅವಳೋ ತಲೆ ಆಡಿಸುತ್ತಾಳೆ. ತವರಿನಲ್ಲಿ ಮೂರು ತಿಂಗಳು ಅವಳ ತಟ್ಟೆಗೆ ಏನು ಬೀಳಬೇಕೆಂದು ತೀರ್ಮಾನಿಸುವ ಅಜ್ಜಿ ಆ ಹೊತ್ತಿಗೆ ಗಂಟುಮೂಟೆ ಹಿಡಿದು ಗೇಟಿನ ಹತ್ತಿರ ಆಟೋದವನ ಜೊತೆ ಚೌಕಾಶಿ ಮಾಡುತ್ತಿರುತ್ತಾಳೆ. ಅವಳನ್ನು ಒಳಗೆ ಕರೀರಿ, ಕೂರಿಸಿ ಮಾತಾಡಿ.