ನೆರವಿನ ಹಣಕ್ಕೂ ಲೆಕ್ಕ ಬೇಕು: ಪೆರ್ಗಾವ್ ಅಣೆಕಟ್ಟಿನ ಪ್ರಕರಣ ಮತ್ತು ನಮಗಿರುವ ಪಾಠ

ವೋಚರ್ ಕೈಗೆ ಬಂದೊಡನೆ ಲೆಕ್ಕಪರಿಶೋಧಕನು ಕೇಳುವ ಪ್ರಶ್ನೆಗಳು ಮೂರು. ಹಣ ಯಾವ ಬಾಬ್ತಿಗೆ ಹೋಯಿತು? ಮಂಜೂರು ಮಾಡಿದವರು ಯಾರು? ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನ ದೊರೆಯಿತೆ? ಖಾಸಗಿ ಸಂಸ್ಥೆಯ ಲೆಕ್ಕಕ್ಕೆ ಅನ್ವಯಿಸುವ ಈ ಪ್ರಶ್ನೆಗಳು ಒಂದು ಸರಕಾರ ಮತ್ತೊಂದು ದೇಶಕ್ಕೆ ಕೊಡುವ ನೆರವಿಗೂ ಅನ್ವಯಿಸುತ್ತವೆ. ಆದರೆ ವಿದೇಶಾಂಗ ನೀತಿ, ರಾಷ್ಟ್ರದ ಹಿತ, ಮಿತ್ರರಾಷ್ಟ್ರದ ಬಾಂಧವ್ಯ ಮುಂತಾದ ದೊಡ್ಡ ಮಾತುಗಳ ಮುಂದೆ ಇವು ಮೂಲೆಗೆ ಸರಿಯುವುದೇ ಹೆಚ್ಚು. ಹಾಗೆ ಸರಿದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಪೆರ್ಗಾವ್ ಅಣೆಕಟ್ಟಿನ ಪ್ರಕರಣ ಉತ್ತಮ ನಿದರ್ಶನ. ರಫ್ತಿನಲ್ಲಿ ಆಸಕ್ತಿಯುಳ್ಳ ನಮ್ಮ ಸದಸ್ಯರು ಇದನ್ನು ಅರಿತಿರುವುದು ಒಳ್ಳೆಯದು.

ನೆರವು ಮತ್ತು ವ್ಯಾಪಾರದ ನಂಟು

ಬ್ರಿಟನ್ 1977ರಲ್ಲಿ ನೆರವನ್ನೂ ವ್ಯಾಪಾರವನ್ನೂ ಜೋಡಿಸುವ ಯೋಜನೆಯೊಂದನ್ನು ಆರಂಭಿಸಿತು. ಅಭಿವೃದ್ಧಿಶೀಲ ದೇಶಕ್ಕೆ ಹಣ ಕೊಡುವುದು, ಆ ಹಣದಿಂದ ಬ್ರಿಟಿಷ್ ಕಂಪನಿಗಳ ಸರಕು ಮತ್ತು ಸೇವೆಯನ್ನೇ ಕೊಳ್ಳಬೇಕೆಂದು ಷರತ್ತು ಹಾಕುವುದು ಇದರ ಸಾರಾಂಶ. ನಮ್ಮ ದೇಶಕ್ಕೂ ಇದರ ಅನುಭವವಿದೆ. 1980ರ ದಶಕದಲ್ಲಿ ಬ್ರಿಟಿಷ್ ನೆರವಿನಿಂದ ಪವನ್ ಹಂಸ್ ಸಂಸ್ಥೆಗೆ 21 ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರುಗಳು ಬಂದವು. ಅಪಘಾತಗಳ ನಂತರ, 1991ರಲ್ಲಿ ಅವುಗಳ ಹಾರಾಟವೇ ನಿಂತುಹೋಯಿತು. ಬೇಡಿಕೆಗಿಂತ ಮಾರುವವನ ಅವಸರವೇ ಮುಂದಾದಾಗ ಇಂತಹ ಫಲ ಅಪರೂಪವಲ್ಲ.

ಪೆರ್ಗಾವ್‌ನಲ್ಲಿ ನಡೆದದ್ದೇನು?

ಮಲೇಷ್ಯಾದ ಕೆಲಂತಾನ್ ರಾಜ್ಯದ ಪೆರ್ಗಾವ್ ನದಿಗೆ 600 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆಯೊಂದು ರೂಪುಗೊಂಡಿತು. ಅದೇ ಕಾಲದಲ್ಲಿ ಬ್ರಿಟನ್ನಿನಿಂದ ಸುಮಾರು 100 ಕೋಟಿ ಪೌಂಡ್ ಮೌಲ್ಯದ ಶಸ್ತ್ರಾಸ್ತ್ರ ಖರೀದಿಯ ಮಾತುಕತೆಯೂ ನಡೆದಿತ್ತು. 1988ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವ ಜಾರ್ಜ್ ಯಂಗರ್ ಅವರು ಸಹಿ ಮಾಡಿದ ಒಪ್ಪಂದಪತ್ರದಲ್ಲಿ ಶಸ್ತ್ರಾಸ್ತ್ರ ಮಾರಾಟದ ಮೌಲ್ಯದ ಶೇಕಡಾ 20ರಷ್ಟನ್ನು ನೆರವಾಗಿ ಕೊಡುವ ಪ್ರಸ್ತಾಪವಿತ್ತು. ಇದು ಬ್ರಿಟನ್ನಿನ ಘೋಷಿತ ನೀತಿಗೆ ವಿರುದ್ಧವಾಗಿದ್ದುದರಿಂದ ಎರಡನ್ನೂ ಕಾಗದದ ಮೇಲೆ ಬೇರ್ಪಡಿಸಲಾಯಿತು. ಹಣದ ಲೆಕ್ಕ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ನೂರು ಕೋಟಿಯ ಶೇಕಡಾ 20 ಎಂದರೆ 20 ಕೋಟಿ. ಪೆರ್ಗಾವ್‌ಗೆ ಕೊನೆಗೆ ಸಂದ ನೆರವು 23.4 ಕೋಟಿ ಪೌಂಡ್.

1989ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರು ಮಲೇಷ್ಯಾದ ಪ್ರಧಾನಿ ಮಹಾತಿರ್ ಮೊಹಮದ್ ಅವರಿಗೆ ನೆರವಿನ ಭರವಸೆ ನೀಡಿದಾಗ ಯೋಜನೆಯ ಅಂದಾಜು ವೆಚ್ಚ 31.6 ಕೋಟಿ ಪೌಂಡ್ ಆಗಿತ್ತು. ಕೆಲವೇ ವಾರಗಳಲ್ಲಿ ಗುತ್ತಿಗೆದಾರರು ಅದನ್ನು 39.7 ಕೋಟಿಗೆ ಏರಿಸಿದರು. ದರಪಟ್ಟಿ ಅಂತಿಮವಾಗುವ ಮೊದಲೇ ಮಾತು ಕೊಟ್ಟ ಖರೀದಿದಾರನ ಪಾಡು ಏನಾಗುತ್ತದೆಂದು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ.

ಕಡತದಲ್ಲಿ ಉಳಿದ ಆಕ್ಷೇಪಣೆ

ನೆರವು ಇಲಾಖೆಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಅನಿಲದಿಂದ ವಿದ್ಯುತ್ ಉತ್ಪಾದಿಸುವುದಕ್ಕೆ ಹೋಲಿಸಿದರೆ ಈ ಅಣೆಕಟ್ಟಿನಿಂದ ಮಲೇಷ್ಯಾದ ಗ್ರಾಹಕರಿಗೆ 10 ಕೋಟಿ ಪೌಂಡಿಗೂ ಹೆಚ್ಚು ಹೊರೆ ಬೀಳುತ್ತಿತ್ತು. ಇಲಾಖೆಯ ಕಾಯಂ ಕಾರ್ಯದರ್ಶಿ ಟಿಮ್ ಲ್ಯಾಂಕೆಸ್ಟರ್ ಅವರು ಈ ಯೋಜನೆಗೆ ಹಣ ಕೊಡುವುದು ಸರಿಯಲ್ಲವೆಂದು ಲಿಖಿತವಾಗಿ ತಿಳಿಸಿದರು. ಬ್ರಿಟಿಷ್ ಪದ್ಧತಿಯಲ್ಲಿ ಇಲಾಖೆಯ ಲೆಕ್ಕಾಧಿಕಾರಿಯಾಗಿರುವ ಕಾರ್ಯದರ್ಶಿಯು ಖರ್ಚಿನ ಔಚಿತ್ಯಕ್ಕೆ ಸಂಸತ್ತಿಗೆ ವೈಯಕ್ತಿಕವಾಗಿ ಉತ್ತರದಾಯಿ. ಸಚಿವರು ಅವರ ಸಲಹೆಯನ್ನು ಮೀರಬಹುದು, ಆದರೆ ಲಿಖಿತ ಆದೇಶ ಕೊಡಬೇಕು. 1991ರಲ್ಲಿ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಅವರು, ಪ್ರಧಾನಿಯ ಮಾತು ಉಳಿಸಬೇಕು ಮತ್ತು ಬ್ರಿಟಿಷ್ ವ್ಯಾಪಾರದ ಹಿತ ಕಾಯಬೇಕು ಎಂಬ ನೆಲೆಯಲ್ಲಿ ಮಂಜೂರಾತಿ ನೀಡಿದರು. ಲಿಖಿತ ಆದೇಶವೂ ಹೊರಟಿತು.

ಆ ಆದೇಶಪತ್ರವೇ ಮುಂದೆ ತನಿಖೆಯ ಬಾಗಿಲು ತೆರೆಯಿತು. 1993ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಹೊರಬಂತು. 1994ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮತ್ತು ವಿದೇಶಾಂಗ ವ್ಯವಹಾರಗಳ ಸಮಿತಿಗಳೆರಡೂ ವಿಚಾರಣೆ ನಡೆಸಿದವು. ಅದೇ ವರ್ಷದ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಹೂಡಿದ ದಾವೆಯಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಈ ನೆರವು ಕಾನೂನುಬಾಹಿರವೆಂದು ತೀರ್ಪಿತ್ತಿತು. 1980ರ ಕಾಯಿದೆಯ ಪ್ರಕಾರ ಅಭಿವೃದ್ಧಿಗೆಂದು ಮೀಸಲಾದ ಹಣವನ್ನು ಆರ್ಥಿಕವಾಗಿ ಸದೃಢವಲ್ಲದ ಯೋಜನೆಗೆ ಕೊಡುವ ಅಧಿಕಾರ ಸಚಿವರಿಗಿಲ್ಲ ಎಂಬುದು ತೀರ್ಪಿನ ತಿರುಳು. ಅಣೆಕಟ್ಟು ಕೆಲಸ ಮಾಡುತ್ತದೆಯೇ ಎಂಬುದು ವಿವಾದವಾಗಿರಲಿಲ್ಲ; ಅದು ಪೂರ್ಣಗೊಂಡು ವಿದ್ಯುತ್ ಕೊಡುತ್ತಿದೆ.

ನಷ್ಟ ಅನುಭವಿಸಿದವರು ಯಾರು?

ಇಲ್ಲಿ ವ್ಯಾಪಾರಿ ಸಮುದಾಯ ಗಮನಿಸಬೇಕಾದ ಅಂಶವೊಂದಿದೆ. 1994ರ ಫೆಬ್ರವರಿಯಲ್ಲಿ, ಬ್ರಿಟಿಷ್ ಪತ್ರಿಕೆಗಳ ಆರೋಪಗಳಿಂದ ಕೆರಳಿದ ಮಲೇಷ್ಯಾ ಸರಕಾರವು ತನ್ನ ಗುತ್ತಿಗೆಗಳಿಂದ ಬ್ರಿಟಿಷ್ ಕಂಪನಿಗಳನ್ನು ಹೊರಗಿಟ್ಟಿತು. ನಿಷೇಧ ತೆರವಾದದ್ದು ಸೆಪ್ಟೆಂಬರಿನಲ್ಲಿ. ಅಣೆಕಟ್ಟಿನೊಡನೆ ಯಾವ ಸಂಬಂಧವೂ ಇಲ್ಲದ ಉದ್ಯಮಿಗಳೂ ಆ ತಿಂಗಳುಗಳಲ್ಲಿ ದಂಡ ತೆತ್ತರು. ವ್ಯಾಪಾರಕ್ಕೆ ಸಹಾಯವಾಗಲೆಂದು ಕೊಟ್ಟ ಹಣವೇ ವ್ಯಾಪಾರಕ್ಕೆ ಅಡ್ಡಿಯಾಯಿತು.

ಬ್ರಿಟನ್ 1997ರಲ್ಲಿ ನೆರವು-ವ್ಯಾಪಾರ ಜೋಡಣೆಯ ಆ ಯೋಜನೆಯನ್ನು ರದ್ದುಪಡಿಸಿ, ನೆರವಿಗೆ ಪ್ರತ್ಯೇಕ ಇಲಾಖೆ ಸ್ಥಾಪಿಸಿತು. 2002ರ ಕಾಯಿದೆಯು ಬಡತನ ನಿವಾರಣೆಯನ್ನೇ ನೆರವಿನ ಮುಖ್ಯ ಉದ್ದೇಶವನ್ನಾಗಿ ಮಾಡಿತು. 2015ರ ಕಾಯಿದೆಯು ರಾಷ್ಟ್ರೀಯ ಆದಾಯದ ಶೇಕಡಾ 0.7ರ ಗುರಿಯನ್ನು ನಿಗದಿಪಡಿಸಿತು. ನಂತರ ಗಾಳಿ ತಿರುಗಿತು. 2020ರಲ್ಲಿ ನೆರವಿನ ಇಲಾಖೆ ವಿದೇಶಾಂಗ ಇಲಾಖೆಯಲ್ಲಿ ವಿಲೀನವಾಯಿತು. 2021ರಲ್ಲಿ ಪ್ರಮಾಣ ಶೇಕಡಾ 0.5ಕ್ಕೆ ಇಳಿಯಿತು. 2025ರ ಫೆಬ್ರವರಿಯಲ್ಲಿ, ರಕ್ಷಣಾ ವೆಚ್ಚ ಹೆಚ್ಚಿಸುವ ಸಲುವಾಗಿ ಅದನ್ನು 2027ರ ವೇಳೆಗೆ ಶೇಕಡಾ 0.3ಕ್ಕೆ ಇಳಿಸುವುದಾಗಿ ಸರಕಾರ ಪ್ರಕಟಿಸಿತು. ಇದರ ನಡುವೆ, 2022ರ ನೆರವಿನ ಲೆಕ್ಕದಲ್ಲಿ ಸುಮಾರು 370 ಕೋಟಿ ಪೌಂಡ್, ಅಂದರೆ ಕಾಲುಭಾಗಕ್ಕೂ ಹೆಚ್ಚು, ಬ್ರಿಟನ್ನಿನೊಳಗೇ ನಿರಾಶ್ರಿತರ ಪಾಲನೆಗೆ ಖರ್ಚಾಗಿತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇದು ತಪ್ಪಲ್ಲ. ಆದರೂ ಲೆಕ್ಕಶೀರ್ಷಿಕೆಯನ್ನು ಮಾತ್ರ ನೋಡಿ ತೃಪ್ತರಾಗಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇಲಾಖೆ ವಿಲೀನವಾದರೂ ಅದರ ಮೇಲೆ ಕಣ್ಣಿಟ್ಟಿದ್ದ ಸಂಸದೀಯ ಸಮಿತಿ ಉಳಿದುಕೊಂಡಿರುವುದು ಸಮಾಧಾನದ ಸಂಗತಿ.

ನಮ್ಮ ದೇಶದ ಸಂದರ್ಭದಲ್ಲಿ

ಒಂದು ಕಾಲದಲ್ಲಿ ನೆರವು ಪಡೆಯುತ್ತಿದ್ದ ಭಾರತ ಇಂದು ನೆರವು ನೀಡುವ ದೇಶವೂ ಹೌದು. ಭೂತಾನ್ ಮುಂತಾದ ನೆರೆಯ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಆಯವ್ಯಯದಿಂದ ಅನುದಾನ ಸಲ್ಲುತ್ತದೆ. ಇನ್ನೊಂದೆಡೆ, ಎಕ್ಸಿಮ್ ಬ್ಯಾಂಕಿನ ಮೂಲಕ ಲೈನ್ ಆಫ್ ಕ್ರೆಡಿಟ್ ಎಂಬ ರಿಯಾಯಿತಿ ಸಾಲ ಹರಿದುಹೋಗುತ್ತದೆ. ಸಾಮಾನ್ಯ ನಿಯಮದಂತೆ ಇಂತಹ ಗುತ್ತಿಗೆಯ ಕನಿಷ್ಠ ಶೇಕಡಾ 75ರಷ್ಟು ಸರಕು-ಸೇವೆ ಭಾರತದಿಂದಲೇ ಹೋಗಬೇಕು. ರಫ್ತುದಾರನಿಗೆ ಹಣ ಪಾವತಿಯಾಗುವುದು ಎಕ್ಸಿಮ್ ಬ್ಯಾಂಕಿನಿಂದ. ಹೊರದೇಶದ ಖರೀದಿದಾರ ಹಣ ಕೊಡುವನೋ ಇಲ್ಲವೋ ಎಂಬ ಆತಂಕವಿಲ್ಲದ ಈ ಮಾರುಕಟ್ಟೆ ಪಂಪು, ಟ್ರಾನ್ಸ್‌ಫಾರ್ಮರು, ಕೃಷಿಯಂತ್ರ ತಯಾರಕರಿಗೆ ಆಕರ್ಷಕವೇ ಸರಿ.

ಆದ್ದರಿಂದಲೇ ಎಚ್ಚರಿಕೆ ಬೇಕು. ನೆರವಿಗೆ ಇಂತಹ ಷರತ್ತಿದ್ದಾಗ ಸ್ಪರ್ಧೆ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ, ಕೊನೆಗೆ ಹೊರೆ ತೆರಿಗೆದಾರನ ಮೇಲೋ ಸಾಲ ಪಡೆದ ದೇಶದ ಮೇಲೋ ಬೀಳುತ್ತದೆ. ಇದನ್ನು ತಡೆಯುವ ವ್ಯವಸ್ಥೆ ನಮ್ಮಲ್ಲೂ ಇದೆ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯು ಅನುದಾನ ಬೇಡಿಕೆಗಳನ್ನು ಪರಿಶೀಲಿಸುತ್ತದೆ. ಮಹಾಲೆಕ್ಕಪರಿಶೋಧಕರ ವರದಿಗಳು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತವೆ. 1967ರಿಂದ ಆ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷದ ಸದಸ್ಯರಿಗೆ ಸಲ್ಲುವುದು ವಾಡಿಕೆ. ಈ ವರದಿಗಳು ಎಲ್ಲರಿಗೂ ಲಭ್ಯ. ಓದುವವರು ವಿರಳ.

ನಮ್ಮ ಸದಸ್ಯರಿಗೆ ನನ್ನ ಸಲಹೆ ಇಷ್ಟೇ. ಇಂತಹ ಗುತ್ತಿಗೆಯಲ್ಲಿ ಉಪಸರಬರಾಜುದಾರರಾಗುವ ಮುನ್ನ ಯೋಜನೆಗೆ ಮಂಜೂರಾತಿ ಇದೆಯೇ, ದರ ಹೇಗೆ ನಿಗದಿಯಾಯಿತು, ಮುಖ್ಯ ಗುತ್ತಿಗೆದಾರನು ನಿಮಗೆ ಯಾವಾಗ ಹಣ ಕೊಡಬೇಕು ಎಂಬುದನ್ನು ಲಿಖಿತವಾಗಿ ಪಡೆಯಿರಿ. ಸಂಸತ್ತಿನ ಪರಿಶೀಲನೆಯನ್ನು ವ್ಯಾಪಾರಕ್ಕೆ ಕಂಟಕವೆಂದು ಭಾವಿಸುವುದು ಬೇಡ. ಸರಿಯಾದ ಬೆಲೆಗೆ ಸರಿಯಾದ ಸರಕು ಕೊಡುವವನಿಗೆ ಅದರಿಂದ ಭಯವಿಲ್ಲ. ಪೆರ್ಗಾವ್‌ನಲ್ಲಿ ಸತ್ಯ ಹೊರಬರಲು ಕಾರಣವಾದದ್ದು ಕಡತದಲ್ಲಿ ಉಳಿದ ಒಬ್ಬ ಅಧಿಕಾರಿಯ ಅಸಮ್ಮತಿ ಎಂಬುದನ್ನು, ಲೆಕ್ಕ ಬರೆಯುವವರೂ ಲೆಕ್ಕ ಕೇಳುವವರೂ ನೆನಪಿನಲ್ಲಿಡುವುದು ಒಳಿತು.