ಇಕಾರಿಯಾ: ಆರೋಗ್ಯ ಅರಸುವವರ ದ್ವೀಪ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ದೂರದ ದ್ವೀಪಕ್ಕೂ ಸಲ್ಲುತ್ತದೆ. ಜನಸಂದಣಿ, ಹೊಗೆ, ಧೂಳುಗಳ ನಡುವೆ ಬಾಳುವ ಮಹಾನಗರವಾಸಿಗೆ ನೀಲಿ ಕಡಲ ನಡುವಣ ಪುಟ್ಟ ದ್ವೀಪವೊಂದು ಸ್ವರ್ಗಸಮಾನವಾಗಿ ತೋರುವುದು ಸಹಜ. ಅಂತಹ ದ್ವೀಪಗಳಲ್ಲಿ ವೈದ್ಯಲೋಕದ ಗಮನವನ್ನೂ ಸೆಳೆದದ್ದು ಗ್ರೀಸ್ ದೇಶದ ಇಕಾರಿಯಾ.

ಮೆಡಿಟರೇನಿಯನ್ನಿನ ಅಂಗವಾದ ಏಜಿಯನ್ ಸಮುದ್ರದ ಪೂರ್ವಭಾಗದಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 255 ಚದರ ಕಿಲೋಮೀಟರು. ಜನಸಂಖ್ಯೆ ಒಂಬತ್ತು ಸಾವಿರದ ಒಳಗೆ. ಮೇಣದ ರೆಕ್ಕೆಗಳಿಂದ ಸೂರ್ಯನ ಸಮೀಪಕ್ಕೆ ಹಾರಿ, ಮೇಣ ಕರಗಿ ಕಡಲಿಗೆ ಬಿದ್ದ ಪುರಾಣದ ಇಕಾರಸನಿಂದ ಇದಕ್ಕೆ ಈ ಹೆಸರು ಬಂದಿತೆನ್ನುತ್ತಾರೆ. ಕಡಿದಾದ ಬೆಟ್ಟಗಳು, ಕಲ್ಲುಕಟ್ಟೆಯ ಮೆಟ್ಟಿಲು ಹೊಲಗಳು, ಆಲಿವ್ ಮರಗಳು, ದ್ರಾಕ್ಷಿ ತೋಟಗಳು, ಮೇಕೆಗಳ ಹಿಂಡು ಇಲ್ಲಿಯ ಸಿರಿ. ಥೆರ್ಮಾ ಎಂಬಲ್ಲಿ ಪ್ರಾಚೀನ ಕಾಲದಿಂದ ಪ್ರಸಿದ್ಧವಾದ ಬಿಸಿನೀರಿನ ಬುಗ್ಗೆಗಳಿವೆ. ಆ ನೀರಿನಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲವಿರುವುದರಿಂದ ವೈದ್ಯರ ಸಲಹೆ ಪಡೆದೇ ಮೀಯುವುದು ಕ್ಷೇಮ.

2009ರಲ್ಲಿ ಅಥೆನ್ಸ್ ವಿಶ್ವವಿದ್ಯಾಲಯದ ವೈದ್ಯರು ಈ ದ್ವೀಪದ 1,420 ಜನರನ್ನು ಪರೀಕ್ಷಿಸಿದರು. ಎಂಬತ್ತು ದಾಟಿದ ವೃದ್ಧರಲ್ಲಿ ಕಂಡುಬಂದ ಸಾಮಾನ್ಯ ಗುಣಗಳು ಇವು: ನಿತ್ಯವೂ ಮೈ ದಣಿಯುವ ಕೆಲಸ, ಧೂಮಪಾನದಿಂದ ದೂರವಿರುವುದು, ಮಧ್ಯಾಹ್ನದ ಕಿರುನಿದ್ರೆ, ಜನರೊಡನೆ ಒಡನಾಟ, ಸೊಪ್ಪು, ಕಾಳು, ಹಣ್ಣು ಮತ್ತು ಆಲಿವ್ ಎಣ್ಣೆ ಪ್ರಧಾನವಾದ ಆಹಾರ. ಸಂತರ ಹೆಸರಿನ ಜಾತ್ರೆಗಳಲ್ಲಿ ಮುದುಕರೂ ಮಕ್ಕಳೂ ಕೈಹಿಡಿದು ಬೆಳಗಿನವರೆಗೆ ಕುಣಿಯುತ್ತಾರೆ. ಜಾತ್ರೆಯ ಆದಾಯ ಊರಿನ ಕೆಲಸಗಳಿಗೆ ಸಲ್ಲುತ್ತದೆ.

ಆದರೆ ಇದನ್ನು ಸಂಜೀವಿನಿಯೆಂದು ಭಾವಿಸಲಾಗದು. ದೀರ್ಘಾಯುಷ್ಯದ ಪ್ರದೇಶಗಳೆಂದು ಹೆಸರಾದ ಕಡೆಗಳಲ್ಲಿ ವಯಸ್ಸಿನ ದಾಖಲೆಗಳು ಎಷ್ಟು ನಂಬಲರ್ಹವೆಂದು ಸಂಶೋಧಕ ಸಾಲ್ ನ್ಯೂಮನ್ ಪ್ರಶ್ನಿಸಿದ್ದಾರೆ. ಆಯುಸ್ಸಿನ ಲೆಕ್ಕ ವಿವಾದಕ್ಕೆ ಒಳಗಾದರೂ ನಡಿಗೆ, ಮಿತಾಹಾರ, ಸ್ನೇಹಗಳ ಹಿತ ವಿವಾದಾತೀತ.

ರಜೆಗೆ ಹೋಗುವುದು ಬೇರೆ, ನೆಲೆಸುವುದು ಬೇರೆ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಹಲವು ಗಂಟೆಗಳ ಹಡಗು ಪ್ರಯಾಣ; ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ. ಬೇಸಿಗೆಯ ಗೆಲವು ಚಳಿಗಾಲದಲ್ಲಿರುವುದಿಲ್ಲ. ತುರ್ತು ಚಿಕಿತ್ಸೆ ಬೇಕಾದ ಹೃದ್ರೋಗಿಗೆ ಈ ದೂರ ಸಣ್ಣ ಸಂಗತಿಯಲ್ಲ.

ಈ ಕಷ್ಟವನ್ನು ಚೆನ್ನಾಗಿ ಬಲ್ಲವರು ದ್ವೀಪದ ಮಕ್ಕಳೇ. ಬಡತನದಿಂದಾಗಿ ಅನೇಕರು ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿಯ ಪಿಟ್ಸ್‌ಬರ್ಗ್ ನಗರದಲ್ಲಿ 1903ರಲ್ಲಿ ತಮ್ಮದೇ ಸಂಘವೊಂದನ್ನು ಕಟ್ಟಿದರು. ದ್ವೀಪದ ಮುಖ್ಯ ಪಟ್ಟಣವಾದ ಆಯಿಯೋಸ್ ಕಿರಿಕೋಸ್‌ನ ಆಸ್ಪತ್ರೆ ಎದ್ದು ನಿಂತದ್ದು ಈ ವಲಸಿಗರ ನೆರವಿನಿಂದ. ಹೊರನಾಡಿನಲ್ಲಿ ದುಡಿದವರ ಹಣ ತಾಯ್ನೆಲದ ರೋಗಿಗಳ ಹಾಸಿಗೆಯಾಯಿತು.

ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡ ಹೊರನಾಡ ಕನ್ನಡಿಗರಿಗೆ ಈ ಕಥೆ ಅಪರಿಚಿತವಲ್ಲ. ನಿವೃತ್ತಿಯ ನಂತರ ಎಲ್ಲಿ ನೆಲೆಸಬೇಕೆಂದು ಯೋಚಿಸುವವರು ಗಾಳಿ, ನೀರು, ನೋಟಗಳ ಜೊತೆಗೆ ಇನ್ನೆರಡನ್ನು ವಿಚಾರಿಸಿಕೊಳ್ಳಬೇಕು: ಆಸ್ಪತ್ರೆ ಎಷ್ಟು ದೂರ, ಬಾಗಿಲು ತಟ್ಟಿ ಯೋಗಕ್ಷೇಮ ಕೇಳುವವರು ಯಾರು? ಎರಡನೆಯದನ್ನು ಸಂಪಾದಿಸಲು ದ್ವೀಪಕ್ಕೇ ಹೋಗಬೇಕಾಗಿಲ್ಲ. ಪಕ್ಕದ ಮನೆಯ ಒಂಟಿ ಹಿರಿಯರೊಡನೆ ಸಂಜೆ ನಾಲ್ಕು ಹೆಜ್ಜೆ ನಡೆದರೆ ಇಬ್ಬರ ಆರೋಗ್ಯಕ್ಕೂ ಒಳಿತು.